ವಾಸಿಲ್ ಆಡದ ಮಾತು

1942, ಅಕ್ಟೋಬರ್ 11

ಬರೆಯಲು ಹೊತ್ತು ಸಿಗುವುದು ಸಂಜೆ ಮಾತ್ರ, ಕೈ ಬಿಚ್ಚಿದ ಮೇಲೆ. ಮೂರು ದಿನದಿಂದ ಈ ಸೆರೆಶಿಬಿರದ ಜರ್ಮನರು ನಮ್ಮ ಕೈ ಕಟ್ಟುತ್ತಿದ್ದಾರೆ. ಆಗಸ್ಟಿನಲ್ಲಿ ಫ್ರಾನ್ಸಿನ ದಿಯೆಪ್ ಕಡಲ ದಂಡೆಗೆ ದಾಳಿಗೆ ಇಳಿದಾಗ ನಮ್ಮ ಕೆನಡಾದವರು ಅವರ ಕೆಲವರ ಕೈ ಕಟ್ಟಿದ್ದರಂತೆ, ಅದಕ್ಕೆ ಈ ಸೇಡು. ಬೆಳಗ್ಗೆ ಸಾಲಾಗಿ ನಿಲ್ಲಿಸಿ ಮಣಿಕಟ್ಟು ಎರಡನ್ನೂ ಜೋಡಿಸಿ ಬಿಗಿಯುತ್ತಾರೆ. ಹುರಿ ಎಲ್ಲಿಯದು ಅಂದರೆ ರೆಡ್ ಕ್ರಾಸ್‌ನವರು ನಮಗೆ ಕಳಿಸುವ ಊಟದ ಪೊಟ್ಟಣದ್ದು. ಪೊಟ್ಟಣದ ಮೇಲಿನ ಹುರಿ ಕೂಡ ದಂಡವಾಗಲಿಲ್ಲ ಅಂತ ಮನೆಯವರು ಸಮಾಧಾನಪಡಬಹುದು.

ಕೈ ಕಟ್ಟಿದರೆ ಮೂಗು ತುರಿಸಲಾಗದು, ಷರಾಯಿಯ ಗುಂಡಿ ಬಿಚ್ಚಲಾಗದು, ಸೂಪು ಕುಡಿಯಲಾಗದು. ಗಾಯಾಳುಗಳನ್ನು ಮಾತ್ರ ಕಟ್ಟುವುದಿಲ್ಲ. ಹಾಗಾಗಿ ನಮ್ಮ ಬ್ಯಾರಕ್ಕಿನ ಹಿರಿಯರಾದ ಸಾರ್ಜೆಂಟ್ ಗಿಲ್‌ಕ್ರಿಸ್ಟ್ ಒಂದು ಏರ್ಪಾಟು ಮಾಡಿದರು. ಕೈ ಕಟ್ಟಿಸಿಕೊಂಡವನಿಗೊಬ್ಬ ಗಾಯಾಳು ಜೊತೆ. ಇಬ್ಬರಿಗೊಂದು ಪೊಟ್ಟಣ, ಒಂದೇ ಬಟ್ಟಲು.

ನನ್ನ ಪಾಲಿಗೆ ಬಂದವನು ವಾಸಿಲ್ ಕೊಸ್ತ್ಯುಕ್. ಈ ಇಡೀ ಬ್ಯಾರಕ್ಕಿನಲ್ಲಿ ನನ್ನೊಡನೆ ಮಾತು ಬಿಟ್ಟಿರುವ ಮನುಷ್ಯ ಅವನೊಬ್ಬನೇ.

"ಸಾರ್ಜೆಂಟ್, ಬೇರೆ ಯಾರನ್ನಾದ್ರೂ ಕೊಡಿ" ಅಂದೆ.

"ಬಾಕನ್, ಇದೇನು ಮದುವೆ ಸಂಬಂಧಾನಾ, ನೋಡಿ ನೋಡಿ ಆರಿಸೋಕೆ? ಬಾಯಿ ತೆಗಿ, ಸೂಪು ಆರ್ತಾ ಇದೆ" ಅಂದರು.

ಕೊಸ್ತ್ಯುಕ್‌ನ ಬಲ ಮೊಣಕೈಗೆ ಗುಂಡು ಹೊಕ್ಕಿದೆ. ಎಡಗೈಯಲ್ಲಿ ಚಮಚ ಹಿಡಿದ. ಮೊದಲ ಚಮಚ ಗಲ್ಲದ ಮೇಲೆ ಸುರಿಯಿತು. ಎರಡನೆಯದು ಮೂಗಿನ ಹೊಳ್ಳೆಯೊಳಕ್ಕೆ. ಬೇಕೆಂದೇ ಮಾಡಿದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಅಕ್ಟೋಬರ್ 15

ಇದನ್ನು ಒಂದು ಸಲ ಬರೆದುಬಿಡುತ್ತೇನೆ. ಮತ್ತೆ ಬರೆಯುವುದಿಲ್ಲ.

ದಿಯೆಪ್‌ನಲ್ಲಿ ನಮ್ಮವರು ದೋಣಿ ಹತ್ತುವಾಗ ಹಿಂದೆ ನಿಂತು ಕಾಯುವ ಕೆಲಸ ನಮ್ಮ ದಳಕ್ಕೆ ಬಿತ್ತು. ಕೊನೆಯ ದೋಣಿಯೂ ಹೋಯಿತು. ಲೆಫ್ಟಿನೆಂಟ್ ಸತ್ತಿದ್ದರು. ಉಳಿದವರಲ್ಲಿ ತೋಳಿನ ಮೇಲೆ ಪಟ್ಟಿ ಇದ್ದವನು ನಾನೊಬ್ಬನೇ, ಕಾರ್ಪೊರಲ್. ಗುಂಡು ಮುಗಿದಿದ್ದವು. ಕೊಸ್ತ್ಯುಕ್‌ನ ಅಣ್ಣ ಮಿಖೈಲೊ ನಮಗಿಂತ ಮುಂದೆ ಬಯಲಲ್ಲಿ, ಬೆಣಚುಕಲ್ಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದ. ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ಕೊಸ್ತ್ಯುಕ್ ಎದ್ದ. ನಾನು ಅವನ ಕಾಲು ಎಳೆದು ಕೆಡವಿ ಮೇಲೆ ಬಿದ್ದೆ. "ಬಿಡೋ ನಾಯಿ, ಬಿಡೋ" ಅಂತ ಒದ್ದ, ಕಚ್ಚಿದ. ನಾನು ಬಿಡಲಿಲ್ಲ. ಆಮೇಲೆ ಬನಿಯನ್ ಬಿಚ್ಚಿ ಕೋವಿಯ ತುದಿಗೆ ಕಟ್ಟಿ ಎತ್ತಿದೆ. ಆರು ಜನ ಕೈ ಎತ್ತಿಕೊಂಡು ಎದ್ದು ನಿಂತೆವು. ಜರ್ಮನರು ಮಿಖೈಲೊನ ಬಳಿ ಹೋಗುವ ಹೊತ್ತಿಗೆ ಅವನು ಸುಮ್ಮನಾಗಿದ್ದ.

ಆ ದಿನ ಸೆರೆಗೆ ನಡೆಸುವ ದಾರಿಯಲ್ಲಿ ಕೊಸ್ತ್ಯುಕ್ ನನ್ನ ಹತ್ತಿರ ಆಡಿದ ಕೊನೆಯ ಮಾತು, "ನೀನು ಆ ಬಿಳೀ ಬಟ್ಟೆ ತೋರಿಸದೆ ಇದ್ದಿದ್ರೆ ನಾನು ಅವನನ್ನ ಕರ್ಕೊಂಡು ಬರ್ತಿದ್ದೆ."

ನಾನು ಮಾಡಿದ್ದು ಸರಿ. ಅವನು ಎದ್ದಿದ್ದರೆ ಎರಡು ಹೆಜ್ಜೆ ಇಡುವ ಮೊದಲೇ ಬೀಳುತ್ತಿದ್ದ. ಗಿಲ್‌ಕ್ರಿಸ್ಟ್ ಕೂಡ ಸರಿ ಅಂದರು. ಆದರೆ ಗಿಲ್‌ಕ್ರಿಸ್ಟ್ ಅಂದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಆ ಮಾತು ಕೊಸ್ತ್ಯುಕ್‌ನ ಬಾಯಿಂದ ಬರಬೇಕು. ಒಂದೇ ಒಂದು ಸಲ ಅಂದುಬಿಟ್ಟರೆ ಸಾಕು, ಆಮೇಲೆ ಬೇಕಾದರೆ ಸೂಪನ್ನೆಲ್ಲ ಮೂಗಿಗೇ ಸುರಿಯಲಿ.

ನವೆಂಬರ್ 3

ಬ್ರೆಡ್ಡಿನ ವಿಷಯದಲ್ಲಿ ಇಲ್ಲಿ ಎಲ್ಲರೂ ಪಾಲಿಸುವ ಒಂದು ಕಟ್ಟಳೆ ಇದೆ. ಯಾರು ಕೊಯ್ಯುತ್ತಾರೋ ಅವರು ಕೊನೆಗೆ ತೆಗೆದುಕೊಳ್ಳಬೇಕು. ನನ್ನ ಕೈ ಕಟ್ಟಿರುವುದರಿಂದ ಕೊಯ್ಯುವುದು ಕೊಸ್ತ್ಯುಕ್. ಎಡಗೈಯಲ್ಲಿ ಅವನು ಕೊಯ್ದರೆ ಒಂದು ತುಂಡು ಗುಡ್ಡ, ಇನ್ನೊಂದು ಚೂರು. ನಾನು ದಿನವೂ ಗುಡ್ಡವನ್ನೇ ಗಲ್ಲದಿಂದ ತೋರಿಸುತ್ತೇನೆ. ಕಟ್ಟಳೆ ಅಂದ ಮೇಲೆ ಕಟ್ಟಳೆ.

ಮೂಗಿಗೆ ಸುರಿಯುವುದನ್ನು ಬಿಟ್ಟಿದ್ದಾನೆ. ಸೂಪು ವ್ಯರ್ಥ ಅಂತ ಹೊಳೆದಿರಬೇಕು.

ಡಿಸೆಂಬರ್ 9

ಹುರಿ ಹೋಗಿ ಕೈಕೋಳ ಬಂದಿದೆ, ನಡುವೆ ಗೇಣುದ್ದ ಸರಪಳಿ. ಎಂಥ ಬೀಗ ಅಂತೀರಿ, ಸಾರ್ಡೀನ್ ಮೀನಿನ ಡಬ್ಬಿಯ ಕೀಲಿ ತಿರುಗಿಸಿದರೆ ಬಾಯಿ ಬಿಡುತ್ತದೆ. ವಾರದೊಳಗೆ ಇಡೀ ಬ್ಯಾರಕ್ಕಿಗೆ ವಿದ್ಯೆ ಬಂತು. ಕಾವಲುಗಾರ ದೂರದಲ್ಲಿ ಕಂಡರೆ ಬಾಗಿಲಲ್ಲಿ ನಿಂತವನು "ಹಾಲಿನವ ಬಂದ!" ಅಂತ ಕೂಗುತ್ತಾನೆ. ಟಕಟಕ ಅಂತ ಎಲ್ಲರೂ ಕೋಳ ಹಾಕಿಕೊಂಡು ಸಾಧುಗಳಾಗುತ್ತಾರೆ.

ಈಗ ನಾನೇ ತಿನ್ನಬಹುದು. ಆದರೂ ಮಧ್ಯಾಹ್ನ ಕೊಸ್ತ್ಯುಕ್ ಬಟ್ಟಲು ಹಿಡಿದು ಬಂದು ಎದುರಿಗೆ ಕೂತ. ಕೋಳ ಬಿಚ್ಚಿಕೊಳ್ಳಬಹುದಿತ್ತು, ಬಿಚ್ಚಿಕೊಳ್ಳಲಿಲ್ಲ. ಚಳಿಗೆ ಸೋಮಾರಿತನ ಬಂದಿದೆ.

1943, ಜನವರಿ 20

ಕೊಸ್ತ್ಯುಕ್‌ನ ಮೊಣಕೈ ಕೀವು ತುಂಬಿ ಕುಂಬಳಕಾಯಿ ಆಗಿದೆ. ಜ್ವರ. ಶಿಬಿರದ ಆಸ್ಪತ್ರೆಯಲ್ಲಿ ಜಾಗವಿಲ್ಲ. ನಮ್ಮಂತೆಯೇ ಸೆರೆಯಾದ ಡಾಕ್ಟರರೊಬ್ಬರು ಬಂದು ಕೊಯ್ದು ಕೀವು ತೆಗೆದರು. "ಏನಾದ್ರೂ ತಿಂದ್ರೆ ಉಳೀತಾನೆ, ಇಲ್ಲಾಂದ್ರೆ ಇಲ್ಲ" ಅಂದು ಹೋದರು.

ಅವನು ತಿನ್ನುತ್ತಿಲ್ಲ. ಜ್ವರದ ಕನವರಿಕೆಯಲ್ಲಿ, ಅವರ ಮನೆಮಾತಾದ ಉಕ್ರೇನಿ ಭಾಷೆಯಲ್ಲಿ ಅಣ್ಣನ ಜೊತೆ ಮಾತಾಡುತ್ತಾನೆ. ನನಗೆ ತಿಳಿಯುವುದು ಆ ಹೆಸರೊಂದೇ.

ಬ್ರೆಡ್ಡನ್ನು ಈಗ ನಾನು ಕೊಯ್ಯುತ್ತೇನೆ. ಅವನ ಪಾಲನ್ನು ಪುಡಿ ಕದಡಿದ ಹಾಲಿನಲ್ಲಿ ನೆನೆಸಿ ಇಡುತ್ತೇನೆ. ನನಗೆ ಸಣ್ಣ ತುಂಡೇ ಸಾಕಾಗುತ್ತಿದೆ. ಇತ್ತೀಚೆಗೆ ಹಸಿವು ಕಡಿಮೆಯಾದಂತೆ ಕಾಣುತ್ತದೆ.

ಜನವರಿ 23

ಇವತ್ತು ನನ್ನಿಂದ ದೊಡ್ಡ ಪೆದ್ದುತನವಾಯಿತು. ಕೋಳ ಬಿಚ್ಚಿ ಮಂಚದ ಮೇಲಿಟ್ಟು, ವಾಸಿಲ್‌ನ ತಲೆಯನ್ನು ತೋಳಿನ ಮೇಲೆ ಒರಗಿಸಿಕೊಂಡು ತಿನ್ನಿಸುತ್ತಿದ್ದೆ. ಮೊದಲ ಸಲ ಅವನು ನುಂಗಿದ. ಒಂದು ಚಮಚ, ಇನ್ನೊಂದು. ಅಷ್ಟರಲ್ಲಿ "ಹಾಲಿನವ ಬಂದ!" ಅಂತ ಕೂಗು. ಎಲ್ಲರೂ ಟಕಟಕ ಅಂದರು. ನಾನು ಕೋಳಕ್ಕೆ ಕೈ ಚಾಚಬೇಕೆಂದರೆ ಅವನ ತಲೆಯನ್ನು ಕೆಳಗಿಡಬೇಕಿತ್ತು. ಬಾಯಲ್ಲಿ ಇನ್ನೂ ತುತ್ತು ಇತ್ತು. ಇದೊಂದು ನುಂಗಿಬಿಡಲಿ ಅಂದುಕೊಂಡೆ.

ಕಾವಲುಗಾರ ನನ್ನನ್ನು ಹೊರಗೆಳೆದು ಮೂಗು ಗೋಡೆಗೆ ತಾಗುವಂತೆ ನಿಲ್ಲಿಸಿದ, ಕತ್ತಲಾಗುವವರೆಗೆ. ಕೆನಡಾದ ಸಸ್ಕಾಚೆವಾನಿನ ಹಿಮದಲ್ಲಿ ಹುಟ್ಟಿದವನಿಗೆ ಈ ಚಳಿ ಏನು ಮಹಾ ಅಂದುಕೊಂಡಿದ್ದೆ. ಮಹಾ ಅಂತ ಗೊತ್ತಾಯಿತು.

ಒಳಗೆ ಬಂದಾಗ ಕಾಲು ಮರಗಟ್ಟಿತ್ತು. ವಾಸಿಲ್ ಕಣ್ಣು ಬಿಟ್ಟುಕೊಂಡು ಮಲಗಿದ್ದ. ನನ್ನನ್ನೇ ನೋಡಿದ.

"ಏನ್ ಕಾರ್ಪೊರಲ್ ಸಾಹೇಬ್ರೆ, ಮೂಗು ಇದೆಯಾ, ಗೋಡೆಗೇ ಬಿಟ್ಟು ಬಂದ್ರಾ?"

ಐದು ತಿಂಗಳ ಮೇಲೆ ಆಡಿದ ಮೊದಲ ಮಾತು. ನನಗೆ ಎಷ್ಟು ಸಂತೋಷವಾಯಿತೆಂದರೆ, "ಮುಚ್ಕೊಂಡು ತಿನ್ನೋ" ಅಂದೆ.

ನವೆಂಬರ್ 22

ಕೈಕೋಳ ಶಾಶ್ವತವಾಗಿ ತೆಗೆದರು. ತುಂಬಿಕೊಂಡು ಹೋದ ಪೆಟ್ಟಿಗೆಗಳು ಗಲಗಲ ಅಂದವು. ನಾವು ಕೂಗಿದೆವು, ಹಾಡಿದೆವು. ಆಮೇಲೆ ಟೀ ಕುಡಿಯಲು ಕೂತರೆ ಬಲಗೈ ಎದ್ದಾಗ ಎಡಗೈಯೂ ಹಿಂದೆಯೇ ಎದ್ದಿತು. ನೋಡಿದರೆ ಎಲ್ಲರದೂ ಹಾಗೇ. ಸರಪಳಿ ಇಲ್ಲದಿದ್ದರೂ ಅದರ ಅಳತೆಯಷ್ಟೇ ಕೈ ಅಗಲಿಸುತ್ತಿದ್ದೇವೆ.

ವಾಸಿಲ್ ಬಿದ್ದು ಬಿದ್ದು ನಕ್ಕ. ಅವನಿಗೇನು, ಅವನ ಕೈ ಯಾರು ಕಟ್ಟಿದ್ದರು. ಮೊಣಕೈ ಮಾತ್ರ ಮಡಚಲು ಬರುವುದಿಲ್ಲ, ಬಾಗಿಲ ಅಗುಳಿಯಂತೆ ನೆಟ್ಟಗಿದೆ.

ಈಗ ಇಡೀ ದಿನ ಮಾತು. ಕನೋರಾ ಊರ ಹತ್ತಿರದ ಅವರ ಹೊಲ, ಒದೆಯುವ ಹಸು, ತಾಯಿ, ಪುಟ್ಟ ತಮ್ಮ ಪೆಟ್ರೊ ಕೋಳಿಮನೆಯ ಮೇಲಿಂದ ಹಾರಿದ್ದು. ಮಿಖೈಲೊನ ತುಂಟತನವನ್ನೂ ಹೇಳುತ್ತಾನೆ. ಆದರೆ ಕತೆ ದಂಡೆಯ ಹತ್ತಿರ ಬಂದರೆ ಎದ್ದು ಹೋಗಿ ಒಲೆಗೆ ಕಟ್ಟಿಗೆ ಹಾಕುತ್ತಾನೆ. ಒಲೆಯಲ್ಲಿ ಕಟ್ಟಿಗೆ ಇದ್ದರೂ.

1945, ಫೆಬ್ರವರಿ 8

ರಷ್ಯನ್ನರು ಹತ್ತಿರ ಬಂದರಂತೆ. ನಮ್ಮನ್ನು ಪಶ್ಚಿಮಕ್ಕೆ ನಡೆಸುತ್ತಿದ್ದಾರೆ. ಹಿಮ.

ಫೆಬ್ರವರಿ 12

ನಡೆದೆವು. ಒಂದು ಕೊಟ್ಟಿಗೆಯಲ್ಲಿ ಮಲಗಿದೆವು. ಹಸಿ ಬೀಟ್‌ರೂಟ್ ತಿಂದೆವು.

ಫೆಬ್ರವರಿ 19

ವಾಸಿಲ್ ದಾರಿಯಲ್ಲಿ ಕೂತುಬಿಟ್ಟ. ಕೂತವರು ಏಳುವುದಿಲ್ಲ, ಎರಡು ದಿನದಿಂದ ನೋಡುತ್ತಿದ್ದೇವೆ.

"ನೀ ಹೋಗು. ಅಮ್ಮಂಗೆ ಹೇಳು" ಅಂದ.

"ನಾನು ಹೇಳಲ್ಲ. ನೀನೇ ಹೋಗಿ ಹೇಳು."

"ಆಗಲ್ಲ ಕಣೋ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಏಳ್ತೀಯೋ, ಮತ್ತೆ ಮೇಲೆ ಬಿದ್ದು ಹಿಡ್ಕೊಳ್ಲೋ? ಒಂದು ಸಲ ನಿನ್ನನ್ನ ಸಾಯೋಕೆ ಬಿಟ್ಟಿಲ್ಲ, ಈಗ ಬಿಡ್ತೀನಾ?" ಅಂತ ಕಿರುಚಿದೆ.

ಎರಡೂವರೆ ವರ್ಷದಲ್ಲಿ ದಂಡೆಯ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಳ್ಳೆಯ ಕೈಯನ್ನು ಮೇಲಕ್ಕೆ ಚಾಚಿದ, ಎಳೆದು ಎಬ್ಬಿಸಲಿ ಅಂತ. ಸಂಜೆಯವರೆಗೂ ನನ್ನ ಕೋಟಿನ ಬೆಲ್ಟು ಹಿಡಿದುಕೊಂಡು ನಡೆದ.

ಏಪ್ರಿಲ್ 17

ಬ್ರಿಟಿಷರ ಟ್ಯಾಂಕು ಬಂತು. ಬಿಳಿ ಬ್ರೆಡ್ ಕೊಟ್ಟರು. ಇಬ್ಬರೂ ತಿಂದು ವಾಂತಿ ಮಾಡಿಕೊಂಡೆವು. ಮತ್ತೆ ತಿಂದೆವು.

1946, ಜನವರಿ 7. ಕನೋರಾ

ನಾನು ಸೈನ್ಯದಲ್ಲೇ ಉಳಿದೆ. ಎಸ್ಟೆವನ್‌ನ ಕಲ್ಲಿದ್ದಲ ಗಣಿಗೆ ವಾಪಸು ಹೋಗಿ ಭೂಮಿಯೊಳಗೆ ಕೂರುವ ಮನಸ್ಸಿರಲಿಲ್ಲ. ಹೊಸಬರಿಗೆ ಕೋವಿ ಕಲಿಸುವ ಕೆಲಸ. ದಳವೊಂದನ್ನು ವಹಿಸಿಕೋ ಅಂದರು, ಬೇಡ ಅಂದೆ. ಗುರಿ ಹಿಡಿಯುವುದನ್ನು ಕಲಿಸುತ್ತೇನೆ, ಗುರಿ ತಪ್ಪಿದರೆ ಹಲಗೆಗೆ ನೋವಾಗುವುದಿಲ್ಲ.

ರಜೆ ಸಿಕ್ಕಿತೆಂದು ವಾಸಿಲ್‌ನ ಮನೆಗೆ ಬಂದೆ. ಅವರ ಕ್ರಿಸ್ಮಸ್ ನಮಗಿಂತ ಎರಡು ವಾರ ತಡ. ನಿನ್ನೆ ಸಂಜೆ ಪೆಟ್ರೊ ಅಂಗಳದಲ್ಲಿ ನಿಂತು ಮೊದಲ ನಕ್ಷತ್ರ ಕಂಡಿತೆಂದು ಕೂಗಿದ. ಎಲ್ಲರೂ ಊಟಕ್ಕೆ ಬಂದರು. ಅವರ ಹಬ್ಬದ ಪದ್ಧತಿಯಂತೆ ಮೇಜಿನ ಕೆಳಗೆ ಹುಲ್ಲು ಹರಡಿತ್ತು. ನಾನು ದಣಿದಿದ್ದೆ, ಖಾಲಿ ಕಂಡ ಕುರ್ಚಿಯಲ್ಲಿ ಕೂತೆ. ಎದುರಿಗೆ ತಟ್ಟೆ, ಚಮಚ, ಉರಿಯುವ ಮೇಣದಬತ್ತಿ, ಬಟ್ಟಲಲ್ಲಿ ಜೇನು ಗಸಗಸೆ ಹಾಕಿದ ಗೋಧಿ ಪಾಯಸ.

ಯಾರೂ ಕೂರಲಿಲ್ಲ. ಪೆಟ್ರೊ ಬಾಯಿ ಬಿಟ್ಟುಕೊಂಡು ನೋಡಿದ. ವಾಸಿಲ್‌ನ ಮುಖ ಬಿಳಿಚಿತು.

"ಓರ್ವಿಲ್, ಅದು..." ಅಂದ.

ಆಮೇಲೆ ಹೊಳೆಯಿತು. ಆ ರಾತ್ರಿ ಅವರು ತೀರಿಹೋದವರಿಗಾಗಿ ಒಂದು ತಟ್ಟೆ ಇಡುತ್ತಾರೆ. ಅಲ್ಲಿ ಯಾರೂ ಕೂರುವುದಿಲ್ಲ. ನಾನು ಮಿಖೈಲೊನ ಜಾಗದಲ್ಲಿ ಕೂತಿದ್ದೆ. ಜಗತ್ತಿನಲ್ಲಿ ಯಾರು ಕೂತರೂ ನಾನು ಕೂರಬಾರದಿತ್ತು. ದಡಬಡಿಸಿ ಎದ್ದೆ, ಕುರ್ಚಿ ಉರುಳಿತು.

ವಾಸಿಲ್‌ನ ತಾಯಿ ಕುರ್ಚಿ ಎತ್ತಿ ನಿಲ್ಲಿಸಿದರು. ನನ್ನ ಹೆಗಲ ಮೇಲೆ ಎರಡೂ ಕೈಯಿಟ್ಟು ಒತ್ತಿ ಕೂರಿಸಿದರು. ಆ ತಾಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ.

"ಕೂತ್ಕೋ ಮಗಾ. ಅವನು ಬಂದಿದ್ರೂ ನಿನಗೆ ಜಾಗ ಬಿಡ್ತಿದ್ದ. ಒಬ್ಬನ್ನಾದ್ರೂ ಮನೆಗೆ ತಂದ್ಯಲ್ಲ. ತಿನ್ನು."

ಅಳು ಬಂತು, ಅತ್ತೆ. ವಾಸಿಲ್ ನನ್ನ ಕಡೆ ನೋಡದೆ ಉಪ್ಪಿನ ಬಟ್ಟಲು ಮುಂದಕ್ಕೆ ತಳ್ಳಿದ. ಪಾಯಸಕ್ಕೆ ಉಪ್ಪು ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ.

ತಾಯಿ ಹೇಳಿದರು. ಅವನು ಹೇಳಲಿಲ್ಲ.

1948, ಮೇ 2

ಹೇಜಲ್‌ಳನ್ನು ಮದುವೆಯಾಗಿ ಎಂಟು ತಿಂಗಳು. ನಾನು ಎರಡೂ ಕೈಯಲ್ಲಿ ಲೋಟ ಹಿಡಿಯುವುದನ್ನು ನೋಡಿ, "ನನ್ನ ಟೀ ಏನು ಹಾರಿಹೋಗುತ್ತಾ?" ಅನ್ನುತ್ತಾಳೆ. ಸಾರ್ಜೆಂಟ್ ಪಟ್ಟಿ ಬಂತು. ಮತ್ತೆ ತುಕಡಿ ಕೊಡುತ್ತೇವೆ ಅಂದರು, ಮತ್ತೆ ಬೇಡ ಅಂದೆ.

"ನೀನು ಬೇಡ ಅಂದ್ರೆ ನಂಗೇನೋ ಖುಷಿ. ಆದ್ರೆ ನಿಂಗೆ ಖುಷಿ ಇಲ್ವಲ್ಲ" ಅಂದಳು. ಇವಳಿಗೆ ನನ್ನ ಬಗ್ಗೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೋ.

1951, ಆಗಸ್ಟ್ 30. ವೇನ್‌ರೈಟ್ ಶಿಬಿರ

ಕೊರಿಯಾದ ಯುದ್ಧಕ್ಕೆ ಹೋಗುವ ಹುಡುಗರು ಇಲ್ಲಿ ತರಬೇತಿಗೆ ಬಂದಿದ್ದಾರೆ. ಮೇಜರ್ ಕರೆಸಿದರು. ಮೂವತ್ತು ಹುಡುಗರ ತುಕಡಿಯೊಂದಕ್ಕೆ ಸಾರ್ಜೆಂಟ್ ಇಲ್ಲ, ಅನುಭವಸ್ಥ ನೀನು, ಹೋಗುತ್ತೀಯಾ ಅಂದರು. ಬಲವಂತವಿಲ್ಲ, ಸೆರೆಯಲ್ಲಿ ಇದ್ದು ಬಂದವನು ಅಂತ ದಾಕ್ಷಿಣ್ಯ ತೋರಿಸಿದರು. ಆಗುವುದಿಲ್ಲ ಸಾರ್ ಅಂದೆ. ಕಾರಣ ಕೇಳಲಿಲ್ಲ, ಮೂರು ದಿನ ಯೋಚಿಸು ಅಂದರು.

ಹುಡುಗರನ್ನು ಬಿಟ್ಟರೆ ನನಗೆ ಬೇರೆ ಲೋಕವಿಲ್ಲ. ಅವರ ಬೂಟು ಕಚ್ಚುವುದರಿಂದ ಹಿಡಿದು ಅವರ ಪ್ರೇಮಭಂಗದವರೆಗೆ ನನಗೆ ಗೊತ್ತು. ಆದರೆ ಗುಂಡು ಮುಗಿದು, ಮುಂದೆ ಒಬ್ಬ ಬಿದ್ದು ಕೂಗುವಾಗ ನನ್ನ ಮುಖ ನೋಡುವ ಮೂವತ್ತು ಜನ ಬೇಡ. ಆ ದಿನ ಮಾಡಿದ್ದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಮೊದಲು ಗೊತ್ತಿದೆ ಅಂದುಕೊಂಡಿದ್ದೆ.

ಕೊರಿಯಾಕ್ಕೆ ಹೊರಟವರಲ್ಲಿ, ಬೇರೆ ತುಕಡಿಯೊಂದರಲ್ಲಿ, ಪೆಟ್ರೊ ಕೊಸ್ತ್ಯುಕ್ ಕೂಡ ಇದ್ದಾನೆ. ಹತ್ತೊಂಬತ್ತು ವರ್ಷ. ತಾಯಿಗೆ ಹೇಳದೆ ಸೇರಿದನಂತೆ. "ಹಲೋ ಓರ್ವಿಲಣ್ಣ" ಅಂತ ಮೈದಾನದಲ್ಲೇ ಕೂಗಿದ. "ಸಾರ್ಜೆಂಟ್" ಅನ್ನಬೇಕು ಅಂತ ಬೈದು ಮೈದಾನ ಸುತ್ತಿಸಿದೆ. ನಗುತ್ತಲೇ ಓಡಿದ.

ಸೆಪ್ಟೆಂಬರ್ 1

ಮಧ್ಯಾಹ್ನ ಗೇಟಿನಿಂದ ಕರೆ ಬಂತು. ಹೋಗಿ ನೋಡಿದರೆ ವಾಸಿಲ್. ಒಂದೂವರೆ ದಿನ ರೈಲಿನಲ್ಲಿ ಕೂತು ಬಂದಿದ್ದಾನೆ, ಗೋಧಿ ಕೊಯ್ಲಿನ ಹೊತ್ತಿನಲ್ಲಿ, ಹೊಲ ಬಿಟ್ಟು. ನೆಟ್ಟಗಿನ ತೋಳಿನಲ್ಲಿ ಬಟ್ಟೆ ಸುತ್ತಿದ ಪಾತ್ರೆ ತೂಗುತ್ತಿತ್ತು. ತಾಯಿ ಮಾಡಿ ಕಳಿಸಿದ ಆಲೂಗಡ್ಡೆ ಕಡುಬು.

"ಏನು ಕಾರ್ಪೊರಲ್, ಹೊಟ್ಟೆ ಬಂದಿದೆ."

"ಈಗ ಸಾರ್ಜೆಂಟ್ ಕಣೋ."

"ನೀನು ಜನರಲ್ ಆದ್ರೂ ನನಗೆ ಕಾರ್ಪೊರಲ್ಲೇ."

ಬೇಲಿ ಪಕ್ಕದ ಬೆಂಚಿನ ಮೇಲೆ ಕೂತೆವು. ಪೆಟ್ರೊನ ನೋಡಿದೆಯಾ ಅಂದೆ. ನೋಡಿದೆ, ಎರಡು ಬಿಟ್ಟೆ ಅಂದ. ಆಮೇಲೆ ಮೊಣಕೈ ಉಜ್ಜುತ್ತ ಕೂತ. ಅವನಿಗೆ ಮಾತು ಬೇಕಾದಾಗ ಮೊಣಕೈ ಉಜ್ಜುತ್ತಾನೆ.

"ಅವನನ್ನ ನಿನ್ನ ತುಕಡಿಗೆ ಹಾಕಿಸ್ಕೋ" ಅಂದ.

"ನಾನು ಹೋಗ್ತಿಲ್ಲ. ಬೇಡ ಅಂದಿದೀನಿ."

"ಗೊತ್ತು. ಇಲ್ಲಿ ಎಲ್ಲರಿಗೂ ಗೊತ್ತಂತೆ, ಪೆಟ್ರೊ ಈಗ ಹೇಳಿದ. ನೀನೇ ಹೋಗು."

"ಒಳ್ಳೊಳ್ಳೆ ಸಾರ್ಜೆಂಟ್‌ಗಳಿದಾರೆ ವಾಸಿಲ್. ಎದೆಗಾರರು. ಹಿಂದೆ ಸರಿಯೋರಲ್ಲ."

"ನಂಗೆ ಅಂಥೋರು ಬೇಡ!"

ಗೇಟಿನ ಕಾವಲಿನವನು ತಿರುಗಿ ನೋಡುವಷ್ಟು ಜೋರಾಗಿ ಅಂದ. ಆಮೇಲೆ ದನಿ ತಗ್ಗಿಸಿದ. ನನ್ನ ಕಡೆ ನೋಡಲಿಲ್ಲ, ಬೇಲಿಯ ತಂತಿಯನ್ನೇ ನೋಡುತ್ತ ಹೇಳಿದ.

"ಪೆಟ್ರೊನೂ ನನ್ನ ಥರಾನೇ ಕಣೋ. ಯೋಚನೆ ಇಲ್ಲ, ಎದ್ದು ಓಡೋ ಜಾತಿ. ಅಂಥ ಹೊತ್ತು ಬಂದ್ರೆ ಅವನ ಕಾಲು ಎಳೆದು ಕೆಡವು. ಮೇಲೆ ಬಿದ್ಕೋ. ನಾಯಿ ಅಂತಾನೆ, ಕಚ್ತಾನೆ, ಬಿಡಬೇಡ. ಬನಿಯನ್ ಬಿಚ್ಚಿ ಕೋವಿಗೆ ಕಟ್ಟು. ಆಮೇಲೆ ಅವನು ನಿನ್ನ ಜೊತೆ ಮಾತು ಬಿಟ್ರೆ ಬಿಡ್ಲಿ. ಬದುಕಿದ್ರೆ ತಾನೆ ಮಾತು ಬಿಡೋದು?" ಮತ್ತೆ ಮೊಣಕೈ ಉಜ್ಜಿದ. "ನಂಗೆ ಮಾಡಿದೆಯಲ್ಲ, ಹಂಗೇ ಮಾಡು."

ಒಂಬತ್ತು ವರ್ಷ ನಾನು ಈ ಮಾತಿಗೆ ಕಾದಿದ್ದೆ. ಬಂದಾಗ ಏನು ಹೇಳಬೇಕೆಂದು ಎಷ್ಟೋ ಸಲ ಯೋಚಿಸಿ ಇಟ್ಟುಕೊಂಡಿದ್ದೆ. ಅವನ ಹೆಗಲ ಮೇಲೆ ಹಣೆ ಇಟ್ಟು ಅತ್ತೆ. ಅವನೂ ಅತ್ತ. ಸಮವಸ್ತ್ರದಲ್ಲಿ ಇದ್ದೆ, ಹುಡುಗರು ನೋಡುತ್ತಿದ್ದರು, ನನಗೆ ನಾಚಿಕೆಯಾಗಲಿಲ್ಲ.

"ಸಾಕು ಬಿಡೋ, ಕಡುಬು ಆರ್ತಾ ಇದೆ" ಅಂದ. ಅವು ರೈಲಿನಲ್ಲೇ ಆರಿಹೋಗಿದ್ದವು. ಎಲ್ಲವನ್ನೂ ತಿಂದೆವು.

ಸೆಪ್ಟೆಂಬರ್ 2

ಶಿಬಿರದಲ್ಲಿ ನಮಗೆ ಕೊಟ್ಟ ಮನೆಗೆ ಹೋಗಿ ಹೇಜಲ್‌ಗೆ ಹೇಳಿದೆ. ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ಆಮೇಲೆ ಬಂದು ನನ್ನ ಉಣ್ಣೆಯ ಕಾಲುಚೀಲ ಎಷ್ಟಿವೆ ಅಂತ ನೋಡತೊಡಗಿದಳು.

ಮೇಜರ್ ಬಳಿ ಹೋಗಿ ಆ ತುಕಡಿಯನ್ನು ನಾನು ವಹಿಸಿಕೊಳ್ಳುತ್ತೇನೆ ಅಂದೆ. ಸಂತೋಷಪಟ್ಟರು. ಒಂದು ಕೋರಿಕೆ ಇದೆ, ಪೆಟ್ರೊ ಕೊಸ್ತ್ಯುಕ್ ನನ್ನ ತುಕಡಿಗೆ ಬೇಕು ಅಂದೆ. ಮೇಜರ್ ಕನ್ನಡಕದ ಮೇಲಿಂದ ನೋಡಿದರು.

"ಯಾಕೆ ಬಾಕನ್? ಬೇಕಾದವನಾ?"

"ಹೌದು ಸಾರ್" ಅಂದೆ. "ತಮ್ಮ."